ರೋಬಾಟ್‌ಗೆ ಎರಡು ಕಣ್ಣು ಏಕೆ ಬೇಕು?

ಒಂದೇ ಕ್ಯಾಮೆರಾದ ಚಿತ್ರದಲ್ಲಿ ಹತ್ತಿರದ ಸಣ್ಣ ಕಲ್ಲೂ ದೂರದ ದೊಡ್ಡ ಬಂಡೆಯೂ ಒಂದೇ ಗಾತ್ರದಲ್ಲಿ ಕಾಣಬಹುದು. ಯಾವುದು ಎಷ್ಟು ದೂರದಲ್ಲಿದೆ ಎಂದು ತಿಳಿಯದ ರೋಬಾಟ್‌ಗೆ ಮುಂದೆ ಸಾಗುವುದೇ ಅಪಾಯ. ಅಕ್ಕಪಕ್ಕ ಕೂರಿಸಿದ ಎರಡು ಕ್ಯಾಮೆರಾಗಳು ಈ ಕೊರತೆಯನ್ನು ನೀಗುತ್ತವೆ. ಇದೇ ಸ್ಟೀರಿಯೊ ದೃಷ್ಟಿ.

ದೂರ ತಿಳಿಯುವ ಬಗೆ

ಮುಖದ ಮುಂದೆ ಬೆರಳು ಹಿಡಿದು, ಒಂದು ಕಣ್ಣಾದ ಮೇಲೆ ಇನ್ನೊಂದನ್ನು ಮುಚ್ಚಿ ನೋಡಿದರೆ ಬೆರಳು ಅತ್ತಿತ್ತ ಸರಿದಂತೆ ಕಾಣುತ್ತದೆ. ಎರಡು ಕಣ್ಣಿನ ನೋಟದ ಈ ವ್ಯತ್ಯಾಸದಿಂದಲೇ ಆಳದ ಅರಿವು ಮೂಡುತ್ತದೆ ಎಂದು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲಿ ಸ್ಟೀರಿಯೊಸ್ಕೋಪ್ ಮೂಲಕ ತೋರಿಸಿಕೊಟ್ಟರು. ರೋಬಾಟ್‌ನ ಕಂಪ್ಯೂಟರ್ ಕೂಡ ಎಡ ಚಿತ್ರದ ಬಿಂದುವನ್ನು ಬಲ ಚಿತ್ರದಲ್ಲಿ ಹುಡುಕಿ, ಅದು ಎಷ್ಟು ಪಿಕ್ಸೆಲ್ ಸರಿದಿದೆ ಎಂದು ಅಳೆಯುತ್ತದೆ. ಕ್ಯಾಮೆರಾಗಳ ನಡುವಿನ ಅಂತರವನ್ನು ಲೆನ್ಸಿನ ಸಂಗಮದೂರದಿಂದ ಗುಣಿಸಿ, ಈ ಸರಿತದಿಂದ ಭಾಗಿಸಿದರೆ ದೂರ ಸಿಗುತ್ತದೆ.

ಮುಖ್ಯ ಲಾಭಗಳು

ದೂರ ಅಳೆಯುವ ಇನ್ನೊಂದು ಸಾಧನವಾದ ಲೈಡಾರ್ ಅದಕ್ಕಾಗಿ ಲೇಸರ್ ಕಿರಣ ಹಾಯಿಸಬೇಕು. ಕ್ಯಾಮೆರಾ ಜೋಡಿಗೆ ಅಲ್ಲಿರುವ ಬೆಳಕೇ ಸಾಕು. ಬಣ್ಣ, ಆಕಾರ, ದೂರ ಮೂರೂ ಒಂದೇ ನೋಟದಲ್ಲಿ ದೊರೆಯುವುದರಿಂದ ಹಣ್ಣು ಕೀಳುವ ಯಂತ್ರದ ಕೈಗೆ ಮಾಗಿದ್ದು ಯಾವುದು, ಎಲ್ಲಿಗೆ ಚಾಚಬೇಕು ಎಂಬುದೆರಡೂ ತಿಳಿಯುತ್ತದೆ.

ಎರಡೂ ಚಿತ್ರಗಳನ್ನು ಏಕಕಾಲಕ್ಕೆ ತೆಗೆಯುವುದು ಇನ್ನೊಂದು ಅನುಕೂಲ. ಸಂಶೋಧಕ ಹಾನ್ಸ್ ಮೊರಾವೆಕ್ ಅವರ ಸ್ಟ್ಯಾನ್‌ಫರ್ಡ್ ಕಾರ್ಟ್ ಎಂಬ ರೋಬಾಟ್ ಬಂಡಿಯಲ್ಲಿ ಇದ್ದದ್ದು ಒಂದೇ ಕ್ಯಾಮೆರಾ. ಅದು ಹಳಿಯ ಮೇಲೆ ಪಕ್ಕಕ್ಕೆ ಸರಿಯುತ್ತ ಪ್ರತಿ ನಿಲುಗಡೆಯಲ್ಲೂ 9 ಚಿತ್ರ ತೆಗೆಯಬೇಕಿತ್ತು. 1979ರಲ್ಲಿ ಕುರ್ಚಿಗಳಿದ್ದ ಕೋಣೆಯೊಂದನ್ನು ದಾಟಲು ಆ ಬಂಡಿಗೆ ಸುಮಾರು 5 ಗಂಟೆ ಹಿಡಿಯಿತು.

ಚಂದ್ರ ಮತ್ತು ಮಂಗಳದಲ್ಲಿ

ಸಿಕ್ಕಿಕೊಂಡರೆ ಎತ್ತಲು ಯಾರೂ ಇಲ್ಲದ ನೆಲದಲ್ಲಿ ಈ ದೃಷ್ಟಿಯ ನಿಜವಾದ ಬೆಲೆ ತಿಳಿಯುತ್ತದೆ. ಚಂದ್ರಯಾನ-3ರ ಪ್ರಜ್ಞಾನ್ ರೋವರ್‌ನ ನ್ಯಾವ್‌ಕ್ಯಾಮ್ ಎಂಬ ದಾರಿ ನೋಡುವ ಕ್ಯಾಮೆರಾ ಜೋಡಿ ಸಿದ್ಧವಾದದ್ದು ಬೆಂಗಳೂರಿನಲ್ಲಿರುವ ಇಸ್ರೊದ ಲಿಯೋಸ್ ಪ್ರಯೋಗಾಲಯದಲ್ಲಿ. ಅದರ ಚಿತ್ರಗಳಿಂದ ಭೂಮಿಯಲ್ಲಿ ನೆಲದ ಏರುತಗ್ಗಿನ ನಕ್ಷೆ ರಚಿಸಿ, ಆ ಬಳಿಕವೇ ಚಲಿಸಲು ಆದೇಶ ಕಳಿಸುತ್ತಿದ್ದರು. 2023ರ ಆಗಸ್ಟ್ 27ರಂದು 3 ಮೀಟರ್ ಮುಂದೆ 4 ಮೀಟರ್ ವ್ಯಾಸದ ಕುಳಿ ಎದುರಾದಾಗ ರೋವರನ್ನು ಹಿಂದಕ್ಕೆ ತಿರುಗಿಸಲಾಯಿತು.

ಮಂಗಳಕ್ಕೆ ಸಂಕೇತ ತಲುಪಲು ಕೆಲವು ನಿಮಿಷಗಳೇ ಬೇಕು. ಆದ್ದರಿಂದ 2021ರಲ್ಲಿ ಅಲ್ಲಿ ಇಳಿದ ನಾಸಾದ ಪರ್ಸಿವಿಯರೆನ್ಸ್, ಸುಮಾರು 42 ಸೆಂಟಿಮೀಟರ್ ಅಂತರದ ಕ್ಯಾಮೆರಾ ಜೋಡಿಯಿಂದ ನೋಡಿ, ಚಲಿಸುತ್ತಲೇ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳಬಲ್ಲದು.

ಮಿತಿಗಳು

ಗುರುತಿಗೆ ಏನೂ ಇಲ್ಲದ ಬೋಳು ಗೋಡೆಯಲ್ಲಿ ಎರಡೂ ಚಿತ್ರಗಳ ಬಿಂದುಗಳನ್ನು ಹೊಂದಿಸುವುದು ಕಷ್ಟ. ಕತ್ತಲಲ್ಲಿ ಬೇರೆ ಬೆಳಕು ಬೇಕು. ಕ್ಯಾಮೆರಾ ಅಲುಗಿ ಕೋನ ಚೂರು ಬದಲಾದರೂ ಲೆಕ್ಕ ತಪ್ಪುತ್ತದೆ. ವಸ್ತುವಿನ ದೂರ ಎರಡರಷ್ಟಾದರೆ ಅಳತೆಯ ದೋಷ ಸುಮಾರು ನಾಲ್ಕರಷ್ಟಾಗುತ್ತದೆ. ಕಣ್ಣುಗಳ ಅಂತರ ಹೆಚ್ಚಿಸಿದರೆ ದೂರದ ಅಳತೆ ಸುಧಾರಿಸುತ್ತದೆ, ಆದರೆ ತೀರಾ ಹತ್ತಿರದ ವಸ್ತು ಎರಡೂ ಚಿತ್ರಗಳಲ್ಲಿ ಸಿಗದೆ ಹೋಗಬಹುದು. ಹೀಗಾಗಿಯೇ 2004ರಲ್ಲಿ ಮಂಗಳ ತಲುಪಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರ್‌ಗಳಿಗೆ ಕಾಲಬುಡದ ಅಡೆತಡೆ ನೋಡಲು 10, ದಾರಿ ಹುಡುಕಲು 20, ದೂರದ ನೋಟಕ್ಕೆ 30 ಸೆಂಟಿಮೀಟರ್ ಅಂತರದ ಬೇರೆ ಬೇರೆ ಕ್ಯಾಮೆರಾ ಜೋಡಿಗಳನ್ನು ಕೊಟ್ಟಿದ್ದರು.