ಉಪ್ಪಿಗೆ ಅಡ್ಡ ನಿಂತ ಕವಳಿ

ಪುಣೆಯಲ್ಲಿ ಬಿಸಿಲು ಏರಿ ವೈಶಾಖ ಕಾಲಿಟ್ಟಿತೆಂದರೆ ಮುಳಶಿ, ಮಾವಳದ ಬೆಟ್ಟಗಳ ಕಡೆಯಿಂದ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಪೇಟೆಗೆ ಇಳಿಯುತ್ತಾರೆ. ಎಲೆಯ ದೊನ್ನೆಯಲ್ಲಿ ಕಪ್ಪಗೆ ಮಿನುಗುವ ಸಣ್ಣ ಹಣ್ಣುಗಳನ್ನು ತುಂಬಿ, ‘ಡೋಂಗರಾಚೀ ಕಾಳೀ ಮೈನಾ’ ಎಂದು ಕೂಗುತ್ತಾರೆ. ಬೆಟ್ಟದ ಕಪ್ಪು ಮೈನಾ ಎಂದು ಮರಾಠಿಗರು ಮುದ್ದಿನಿಂದ ಕರೆಯುವ ಈ ಕರವಂದವು ನಮ್ಮ ಕವಳಿ ಹಣ್ಣೇ. ಧಾರವಾಡ, ಖಾನಾಪುರದ ಸಂತೆಗಳಲ್ಲಿ ಅದನ್ನು ಕವಳಿ ಎಂದು ಕೊಂಡವರು, ತುಳುನಾಡಿನಲ್ಲಿ ಕರಂಡೆ ಎಂದು ಕಿತ್ತು ತಿಂದವರು ಇಲ್ಲಿ ಮೂರನೆಯ ಹೆಸರಿನಿಂದ ಬೇಡಿ ಪಡೆಯಬೇಕಾಗುತ್ತದೆ. ನಾಲಿಗೆಗೆ ಅಂಟಿಕೊಳ್ಳುವ ಹಾಲು ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ.

ವರ್ಗಾವಣೆಯಾಗಿ ಈ ಊರಿಗೆ ಬಂದ ಎರಡನೆಯ ಮಳೆಗಾಲದಲ್ಲಿ ನಾವು ಹಿತ್ತಲಿನ ಅಂಚಿಗೆ ಕವಳಿಯನ್ನು ನೆಟ್ಟೆವು. ಬೀಜವನ್ನು ಹಣ್ಣಿನಿಂದ ತೆಗೆದೊಡನೆ ಬಿತ್ತಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟರೆ ಅದರ ಜೀವ ಬಹುಕಾಲ ನಿಲ್ಲದು. ಮೊದಲ ಸಸಿಯನ್ನು ನಮ್ಮ ಅತಿಯಾದ ಪ್ರೀತಿಯೇ ಕೊಂದಿತು. ಪುಣೆಯ ಕಪ್ಪುಮಣ್ಣಿನಲ್ಲಿ ದಿನವೂ ನೀರೆರೆದು ಬೇರು ಕೊಳೆಯುವಂತೆ ಮಾಡಿದೆವು. ಎರಡನೆಯದನ್ನು ಕಲ್ಲುಜಲ್ಲಿ ಬೆರೆಸಿದ ದಿಣ್ಣೆಯ ಮೇಲೆ, ಪೂರ್ಣ ಬಿಸಿಲಿನಲ್ಲಿ ನೆಟ್ಟು, ಮೊದಲೆರಡು ಬೇಸಿಗೆಯಲ್ಲಷ್ಟೇ ನೀರುಣಿಸಿ ಬಿಟ್ಟುಬಿಟ್ಟೆವು. ನಾಲ್ಕನೆಯ ವರ್ಷ ಅದು ಮಲ್ಲಿಗೆಯನ್ನು ಹೋಲುವ ಬಿಳಿಯ ಹೂ ತಳೆದು ಕಾಯಿಬಿಟ್ಟಿತು. ಕೊಯ್ಲು ಮುಗಿದ ಮೇಲೆ ಒಮ್ಮೆ ಕತ್ತರಿಸಿದರೆ ಸಾಕು. ಗೊಬ್ಬರ, ಔಷಧಿಗಳ ಹಂಗಿಲ್ಲ. ಕವಲೊಡೆದ ಗಟ್ಟಿ ಮುಳ್ಳುಗಳಿರುವುದರಿಂದ ದನ, ಆಡುಗಳ ಭಯವೂ ಇಲ್ಲ. ಎರಡು ಮೂರು ಅಡಿಗೊಂದರಂತೆ ಸಾಲಾಗಿ ನೆಟ್ಟರೆ ಕೆಲವೇ ವರ್ಷಗಳಲ್ಲಿ ಬೆಕ್ಕೂ ನುಸುಳದ ಬೇಲಿಯಾಗುತ್ತದೆ. ಈ ಕೊನೆಯ ಗುಣವೇ ಅದನ್ನು ಹಿತ್ತಲಿನಿಂದ ಚರಿತ್ರೆಗೆ ಎಳೆದೊಯ್ದಿತು.

ಕವಳಿಯ ಪರಿಚಯ ನಮ್ಮವರಿಗೆ ಬಹು ಹಳೆಯದು. ಸಂಸ್ಕೃತದಲ್ಲಿ ಇದು ಕರಮರ್ದ. ಅಮರಕೋಶವು ವನೌಷಧಿ ವರ್ಗದಲ್ಲಿ ಇದಕ್ಕೆ ಕೃಷ್ಣಪಾಕಫಲ, ಎಂದರೆ ಮಾಗಿದಾಗ ಕಪ್ಪಾಗುವ ಹಣ್ಣು, ಎಂಬ ಸೊಗಸಾದ ಹೆಸರನ್ನೂ ಕೊಡುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರವು ರಾಜನ ಕೋಷ್ಠಾಗಾರದಲ್ಲಿ ಇರಬೇಕಾದ ವಸ್ತುಗಳನ್ನು ವಿಂಗಡಿಸುವಾಗ ಹುಳಿಹಣ್ಣುಗಳ ಗುಂಪಿನಲ್ಲಿ ಮಾವು, ನೆಲ್ಲಿ, ಮಾದಲಗಳ ಜೊತೆ ಕರಮರ್ದವನ್ನು ಸೇರಿಸುತ್ತದೆ. ಅದೇ ಅಧ್ಯಾಯದಲ್ಲಿ ಸೈಂಧವ, ಸಾಮುದ್ರ ಮೊದಲಾದ ಉಪ್ಪುಗಳ ಗುಂಪೂ ಇದೆ. ಉಪ್ಪು ಮತ್ತು ಕವಳಿ ಒಂದೇ ಉಗ್ರಾಣದಲ್ಲಿರುವುದು ಸಹಜವೇ ತಾನೇ? ಉಪ್ಪಿಲ್ಲದೆ ಕವಳಿಕಾಯಿಗೆ ಬಾಳಿಕೆಯಿಲ್ಲ. ಸುಮಾರು ಎರಡು ಸಾವಿರ ವರ್ಷಗಳ ನಂತರ ಇನ್ನೊಂದು ಪ್ರಭುತ್ವವು ಇವೆರಡನ್ನೂ ಒಂದಕ್ಕೊಂದು ಎದುರಾಗಿ ನಿಲ್ಲಿಸಿತು.

ಆ ಕಥೆ ಹತ್ತೊಂಬತ್ತನೆಯ ಶತಮಾನದ ಉತ್ತರ ಭಾರತದ್ದು. ಬ್ರಿಟಿಷರ ಆಳ್ವಿಕೆಯ ಬಂಗಾಳ ಪ್ರಾಂತ್ಯದಲ್ಲಿ ಉಪ್ಪಿನ ಮೇಲೆ ಭಾರಿ ಸುಂಕವಿತ್ತು. ರಜಪೂತಾನದ ಸಂಸ್ಥಾನಗಳ ಸಾಂಭರ್ ಸರೋವರದ ಉಪ್ಪು ಅಗ್ಗವಾಗಿತ್ತು. ಅಗ್ಗದ ಉಪ್ಪು ಕಳ್ಳದಾರಿಯಲ್ಲಿ ಬಾರದಂತೆ ದೇಶದ ಎದೆಗೇ ಅಡ್ಡಲಾಗಿ ಒಂದು ಸುಂಕದ ಗಡಿರೇಖೆಯನ್ನು ಎಳೆಯಲಾಯಿತು. 1869ರ ಹೊತ್ತಿಗೆ ಅದು ಸಿಂಧೂ ನದಿಯಿಂದ ಮಹಾನದಿಯ ತನಕ ಸುಮಾರು 2,300 ಮೈಲಿ ಹಬ್ಬಿತ್ತು. ಸುಮಾರು 12,000 ಜನ ಅದರ ಕಾವಲಿಗಿದ್ದರು. ಕಚೇರಿಯ ಕೆಲಸಕ್ಕೆಂದು ನಾವು ಪುಣೆಯಿಂದ ದೆಹಲಿಯ ರೈಲು ಹತ್ತಿದಾಗ ಸಿಗುವ ಬುರ್ಹಾನಪುರದ ಬಳಿಯೂ ಆ ರೇಖೆ ಹಾದುಹೋಗಿತ್ತು.

ಮೊದಮೊದಲು ಈ ಗಡಿಗೆ ಒಣಮುಳ್ಳಿನ ಬೇಲಿಯನ್ನು ಒಟ್ಟುತ್ತಿದ್ದರು. ಒಂದು ಮೈಲಿಗೆ ಸುಮಾರು 250 ಟನ್ ಮುಳ್ಳು ಬೇಕಾಗುತ್ತಿತ್ತು. ಗೆದ್ದಲು, ಬೆಂಕಿ, ಬಿರುಗಾಳಿಗಳು ಅದನ್ನು ಬೇಗನೆ ಹಾಳುಗೆಡವುತ್ತಿದ್ದವು. 1867ರಲ್ಲಿ ಒಳನಾಡ ಸುಂಕದ ಕಮಿಷನರ್ ಆಗಿ ಬಂದ ಅಲನ್ ಆಕ್ಟೇವಿಯನ್ ಹ್ಯೂಮ್ ಜೀವಂತ ಬೇಲಿಯೇ ಲೇಸೆಂದು ಕಂಡುಕೊಂಡರು. ಹಕ್ಕಿಗಳ ಅಧ್ಯಯನದಲ್ಲಿ ದೊಡ್ಡ ಹೆಸರಾದ ಹ್ಯೂಮ್ ಅದೇ ತಾಳ್ಮೆಯಿಂದ ಯಾವ ಮಣ್ಣಿಗೆ ಯಾವ ಮುಳ್ಳು ಒಗ್ಗುತ್ತದೆಂದು ಪರೀಕ್ಷಿಸಿದರು. ಬೋರೆ, ಜಾಲಿ, ಪಾಪಾಸುಕಳ್ಳಿಗಳ ಜೊತೆಗೆ ಆರಿಸಲ್ಪಟ್ಟದ್ದು ಕವಳಿ. ಮಣ್ಣು ಕೆಟ್ಟದಾಗಿದ್ದಲ್ಲಿ ಕಂದಕ ತೋಡಿ ಒಳ್ಳೆಯ ಮಣ್ಣು ತುಂಬಿಸಿದರು. ನೆರೆಯ ಪ್ರದೇಶದಲ್ಲಿ ಏರಿ ಕಟ್ಟಿಸಿದರು. ನೀರಿಗಾಗಿ ಬಾವಿ ತೋಡಿಸಿದರು. ಬೇಲಿ ಹತ್ತು ಹದಿನಾಲ್ಕು ಅಡಿ ಎತ್ತರಕ್ಕೆ ಬೆಳೆಯಿತು. ಹಿತ್ತಲಿನಲ್ಲಿ ನಾವು ಮಾಡಿದ್ದನ್ನೇ ಒಂದು ಸಾಮ್ರಾಜ್ಯ ಮಾಡಿತು. ವ್ಯತ್ಯಾಸವಿಷ್ಟೇ: ನಮ್ಮ ಕವಳಿ ಆಡನ್ನು ತಡೆಯಿತು, ಅವರದು ಬಡವನ ಅಂಬಲಿಗೆ ಬೀಳಬೇಕಾದ ಉಪ್ಪನ್ನು ತಡೆಯಿತು.

1879ರ ಏಪ್ರಿಲ್ 1ರಂದು ಈ ಗಡಿಯನ್ನು ಕೈಬಿಡಲಾಯಿತು. ದಯೆ ಉಕ್ಕಿ ಹಾಗಾಯಿತೆಂದು ತಿಳಿಯಬೇಕಾಗಿಲ್ಲ. ಸಾಂಭರ್ ಸರೋವರವನ್ನು ಸರ್ಕಾರವು 1870ರಲ್ಲಿಯೇ ಗುತ್ತಿಗೆಗೆ ಪಡೆದು ಉಪ್ಪನ್ನು ಹುಟ್ಟುವಲ್ಲಿಯೇ ಹಿಡಿಯತೊಡಗಿತ್ತು. ಪ್ರಾಂತ್ಯಗಳ ಸುಂಕದ ಅಂತರ ಕಡಿಮೆಯಾದರೆ ಕಳ್ಳಸಾಗಣೆಯ ಲಾಭವೂ ಇಲ್ಲವಾಗುತ್ತದೆ. ಆದ್ದರಿಂದ ಬಂಗಾಳದ ಸುಂಕವನ್ನು ತುಸು ಇಳಿಸಿ, ಮುಂಬಯಿ ಮತ್ತು ಮದರಾಸು ಪ್ರಾಂತ್ಯಗಳ ಸುಂಕವನ್ನು ಮಣವೊಂದಕ್ಕೆ 1 ರೂಪಾಯಿ 13 ಆಣೆಯಿಂದ 2 ರೂಪಾಯಿ 8 ಆಣೆಗೆ ಏರಿಸಿದರು. ಈ ಏರಿಕೆ ಬಂದದ್ದು 1876ರಿಂದ 78ರ ತನಕ ದಖ್ಖನನ್ನು ಸುಟ್ಟ ಮಹಾಕ್ಷಾಮದ ನಡುವೆ. ಪುಣೆ, ಸೋಲಾಪುರಗಳಂತೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಎಲ್ಲಿಯೋ ಉತ್ತರದಲ್ಲಿ ಒಂದು ಬೇಲಿ ಬಿದ್ದುದಕ್ಕೆ ಇಲ್ಲಿ ನಮ್ಮ ಹಿರಿಯರು, ಹಸಿದ ಹೊಟ್ಟೆಯಲ್ಲಿಯೇ, ಬೆಲೆ ತೆತ್ತರು. ಕಣ್ಣಿಗೆ ಕಾಣುವ ಬೇಲಿ ಹೋಗಿ ಕಾಣದ ಬೇಲಿಯೊಂದು ಪ್ರತಿ ಮನೆಯ ಉಪ್ಪಿನ ಮರಿಗೆಯ ಸುತ್ತ ಎದ್ದಿತು.

ಇಷ್ಟಕ್ಕೆ ಮುಗಿದಿದ್ದರೆ ಹ್ಯೂಮ್ ಅವರನ್ನು ಸುಂಕದ ಅಧಿಕಾರಿಯೆಂದಷ್ಟೇ ನೆನೆಯುತ್ತಿದ್ದೆವು. ಆದರೆ ಚರಿತ್ರೆ ಮನುಷ್ಯರನ್ನು ಹಾಗೆ ಒಂದೇ ಬುಟ್ಟಿಗೆ ಹಾಕಲು ಬಿಡುವುದಿಲ್ಲ. ಸೇವೆಯಿಂದ ನಿವೃತ್ತರಾದ ಅದೇ ಹ್ಯೂಮ್ 1885ರಲ್ಲಿ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದರು. ಮೊದಲ ಅಧಿವೇಶನ ಪುಣೆಯಲ್ಲಿಯೇ ನಡೆಯಬೇಕಿತ್ತು. ಇಲ್ಲಿ ಕಾಲರಾ ಕಾಣಿಸಿಕೊಂಡದ್ದರಿಂದ ಅದು ಮುಂಬಯಿಗೆ ಸರಿಯಿತು. ಉಪ್ಪಿನ ಸುಂಕ ಇಳಿಯಬೇಕೆಂಬ ಬೇಡಿಕೆ ಆ ವೇದಿಕೆಯಲ್ಲಿ ಬೇಗನೆ ಬೇರೂರಿತು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿದ ಗೋಪಾಲಕೃಷ್ಣ ಗೋಖಲೆಯವರು 1902ರ ಬಜೆಟ್ ಭಾಷಣದಲ್ಲಿ ಈ ಸುಂಕವನ್ನು ಅಂಕಿಅಂಶಗಳೊಡನೆ ಖಂಡಿಸಿದರು. ಮರುವರ್ಷ ಅದು ಮಣಕ್ಕೆ ಎರಡೂವರೆ ರೂಪಾಯಿಯಿಂದ ಎರಡಕ್ಕೆ ಇಳಿಯಿತು. 1930ರಲ್ಲಿ ಗಾಂಧೀಜಿ ದಂಡಿಯಲ್ಲಿ ಉಪ್ಪೆತ್ತಿದರು. ಏಪ್ರಿಲ್ 13ರಂದು ಅಂಕೋಲೆಯ ಕಡಲತಡಿಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕನ್ನಡಿಗರು ಉಪ್ಪಿನ ಕಾಯಿದೆಯನ್ನು ಮುರಿದರು. ಮೇ ತಿಂಗಳ ಮೊದಲ ವಾರದಲ್ಲಿ ಗಾಂಧೀಜಿಯನ್ನು ಬಂಧಿಸಿ ತಂದದ್ದು ಇದೇ ಪುಣೆಯ ಯೆರವಡಾ ಸೆರೆಮನೆಗೆ. ಸುತ್ತಲಿನ ಬೆಟ್ಟಗಳಲ್ಲಿ ಕವಳಿ ಮಾಗುವ ಕಾಲವದು. ಸುಂಕ ಕೊನೆಗೂ ರದ್ದಾದದ್ದು 1947ರಲ್ಲಿ.

ಆ ಮಹಾಬೇಲಿಯನ್ನು ಜನ ಎಷ್ಟು ಮರೆತರೆಂದರೆ, ರಾಯ್ ಮಾಕ್ಸ್‌ಹಾಮ್ ಎಂಬ ಆಂಗ್ಲ ಲೇಖಕರು 1990ರ ದಶಕದಲ್ಲಿ ಅದನ್ನು ಹುಡುಕಿಕೊಂಡು ಹಲವು ಬಾರಿ ಭಾರತಕ್ಕೆ ಬರಬೇಕಾಯಿತು. ಕೊನೆಗೆ ಅದರ ಏರಿಯ ತುಣುಕೊಂದು ಅವರಿಗೆ ಕಂಡದ್ದು ಇಟಾವಾ ಜಿಲ್ಲೆಯಲ್ಲಿ. 1857ರ ದಂಗೆಯ ಕಾಲದಲ್ಲಿ ಹ್ಯೂಮ್ ಕಲೆಕ್ಟರರಾಗಿದ್ದ ಜಿಲ್ಲೆಯಲ್ಲಿಯೇ. ಅವರ ಪುಸ್ತಕ 2001ರಲ್ಲಿ ಪ್ರಕಟವಾಗುವ ತನಕ ನಮ್ಮಲ್ಲಿ ಬಹುಜನ ಇದರ ಹೆಸರನ್ನೇ ಕೇಳಿರಲಿಲ್ಲ. ಸರ್ಕಾರದ ಕಡತಗಳ ನಡುವೆ ಬದುಕುವ ನಮಗೆ ಇದು ಒಂದು ಎಚ್ಚರಿಕೆಯಂತೆ ತೋರುತ್ತದೆ. ಆ ಬೇಲಿಯನ್ನು ಬೆಳೆಸಿದವರು ಕ್ರೂರಿಗಳೇ ಆಗಿದ್ದರೆಂದಲ್ಲ. ವರದಿ ಬರೆದರು, ಸಸಿ ಎಣಿಸಿದರು, ಬಾವಿ ತೋಡಿಸಿದರು. ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು. ಆಚೆ ಬದಿಯಲ್ಲಿ ಉಪ್ಪಿಲ್ಲದೆ ಉಣ್ಣುವವನ ಲೆಕ್ಕ ಅವರ ನಮೂನೆಯಲ್ಲಿ ಇರಲಿಲ್ಲ. ನಮ್ಮ ಮೇಜಿಗೆ ಬರುವ ನಮೂನೆಗಳಲ್ಲಿಯೂ ಯಾವ ಅಂಕಣ ಬಿಟ್ಟುಹೋಗಿದೆಯೋ ಎಂದು ಆಗಾಗ ನೋಡಿಕೊಳ್ಳಬೇಕಾಗುತ್ತದೆ.

ಗಿಡದ ತಪ್ಪೇನೂ ಇಲ್ಲ. ನೆಟ್ಟಲ್ಲಿ ಬೆಳೆಯುವುದು ಅದರ ಧರ್ಮ; ಎಲ್ಲಿ, ಯಾರಿಗೆ ಅಡ್ಡವಾಗಿ ನೆಡಬೇಕೆಂಬುದು ನಮ್ಮದು. ಈ ವರ್ಷ ನಮ್ಮ ಗಿಡ ಎರಡು ಸೇರಿಗೂ ಮಿಕ್ಕಿ ಕಾಯಿ ಕೊಟ್ಟಿತು. ಹಸಿರು ಕಾಯಿಯನ್ನು ಸೀಳಿ, ಬೀಜ ತೆಗೆದು, ಹಾಲು ಹೋಗಲೆಂದು ಉಪ್ಪುನೀರಿನಲ್ಲಿ ತೊಳೆದು, ಮತ್ತೆ ಕಲ್ಲುಪ್ಪು ಬೆರೆಸಿ ಭರಣಿಗೆ ತುಂಬಿದೆವು. ಒಂದು ಭರಣಿ ಪಕ್ಕದ ಮರಾಠಿ ಮನೆಗೆ ಹೋಯಿತು, ಒಂದು ಊರಿಗೆ. ಉಪ್ಪನ್ನು ಅಳೆದು ಹಾಕುವಾಗ, ಇದೇ ಉಪ್ಪನ್ನು ತಡೆಯಲು ಇದೇ ಕವಳಿಯನ್ನು ನೂರಾರು ಮೈಲಿ ನೆಟ್ಟಿದ್ದರೆಂಬುದು ಮನೆಯವರಿಗೆ ನಂಬಲಾಗದ ಮಾತಾಗಿತ್ತು. ಮೂರು ದಿನಗಳಲ್ಲಿ ಕಾಯಿ ಉಪ್ಪನ್ನು ಹೀರಿಕೊಂಡು ಮೆತ್ತಗಾಯಿತು.