ವಿಡಿಯೋ ರೂಟರ್ ನಿಯಂತ್ರಣ ವ್ಯವಸ್ಥೆ

ವಿಡಿಯೋ ರೂಟರ್ ನಿಯಂತ್ರಣ ವ್ಯವಸ್ಥೆ ಎಂಬುದು ಟಿ.ವಿ. ಪ್ರಸಾರ ಕೇಂದ್ರದಲ್ಲಿ ಯಾವ ಮೂಲದ ಚಿತ್ರ ಮತ್ತು ಧ್ವನಿ ಯಾವ ಉಪಕರಣವನ್ನು ತಲುಪಬೇಕೆಂಬುದನ್ನು ನಿರ್ಧರಿಸುವ ಯಂತ್ರಾಂಶ ಹಾಗೂ ತಂತ್ರಾಂಶಗಳ ಸಮೂಹ. ಮನೆಯ ಅಂತರಜಾಲ ಸಂಪರ್ಕಕ್ಕೆ ಬಳಸುವ ರೂಟರ್‌ಗೂ ಇದಕ್ಕೂ ಹೆಸರು ಒಂದೇ ಆದರೂ ಕೆಲಸ ಬೇರೆ. ದೃಶ್ಯಗಳನ್ನು ಬೆರೆಸುವುದು ವಿಷನ್ ಮಿಕ್ಸರ್‌ನ ಕಾರ್ಯ; ರೂಟರ್ ಅವುಗಳಿಗೆ ದಾರಿ ಮಾಡಿಕೊಡುತ್ತದೆ, ಅಷ್ಟೆ.

ರಚನೆ

ರೂಟರ್‌ನ ಒಳಬರುವ ಪ್ರತಿ ಸಾಲು ಹೊರಹೋಗುವ ಪ್ರತಿ ಸಾಲನ್ನು ಸಂಧಿಸುವ ಬಿಂದುವಿಗೆ ಕ್ರಾಸ್‌ಪಾಯಿಂಟ್ ಎನ್ನುತ್ತಾರೆ. 16×16 ರೂಟರ್‌ನಲ್ಲಿ ಇಂಥ 256 ಬಿಂದುಗಳಿದ್ದರೆ, 128×128 ರೂಟರ್‌ನಲ್ಲಿ 16,384 ಇರುತ್ತವೆ. ಒಂದು ಮೂಲವನ್ನು ಏಕಕಾಲಕ್ಕೆ ಹಲವು ಗುರಿಗಳಿಗೆ ಕಳುಹಿಸಬಹುದು. ಆದರೆ ಒಂದು ಗುರಿಗೆ ಒಮ್ಮೆಗೆ ಒಂದೇ ಮೂಲ. ಭಾರತದಲ್ಲಿ ರೂಢಿಯಲ್ಲಿದ್ದ 625 ಸಾಲುಗಳ ಪದ್ಧತಿಯಲ್ಲಿ ಬದಲಾವಣೆಯು 6ನೆಯ ಸಾಲಿನಲ್ಲಿ, ಅಂದರೆ ಚಿತ್ರ ಕಾಣದ ಅವಧಿಯಲ್ಲಿ, ನಡೆಯಬೇಕೆಂಬುದು ನಿಯಮ. ಎಲ್ಲ ಮೂಲಗಳೂ ಕೇಂದ್ರದ ಒಂದೇ ಸಿಂಕ್ ಸಂಕೇತವನ್ನು ಅನುಸರಿಸದಿದ್ದರೆ ತೆರೆಯ ಮೇಲಿನ ಚಿತ್ರ ಜಿಗಿಯುತ್ತದೆ.

ಹೆಸರು ಮತ್ತು ಸಂಖ್ಯೆ

ಸಂರಚನೆಯ ಬಹುಪಾಲು ಶ್ರಮ ಹೆಸರುಗಳ ಪಟ್ಟಿಗೆ ಸಲ್ಲುತ್ತದೆ. ನಿರ್ವಾಹಕರು ಗುಂಡಿಯ ಮೇಲೆ ಓದುವುದು ಹೆಸರನ್ನು, ರೂಟರ್ ಅರಿಯುವುದು ಸಂಖ್ಯೆಯನ್ನು. ಬ್ಲ್ಯಾಕ್‌ಮ್ಯಾಜಿಕ್ ಸಂಸ್ಥೆಯ ವಿಡಿಯೋಹಬ್ ನಿಯಮಾವಳಿಯಲ್ಲಿ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಉಪಕರಣದ ಹಿಂಬದಿಯ ಕಿಂಡಿಗಳ ಎಣಿಕೆ 1ರಿಂದ. ಆದ್ದರಿಂದ ಟಿಸಿಪಿ 9990ನೆಯ ಪೋರ್ಟ್‌ಗೆ ‘6 11’ ಎಂಬ ಆದೇಶ ಕಳುಹಿಸಿದರೆ 7ನೆಯ ಹೊರಸಾಲಿಗೆ 12ನೆಯ ಒಳಸಾಲು ಸೇರುತ್ತದೆ. ಗುರಿ ಮೊದಲು, ಮೂಲ ಅನಂತರ ಎಂಬ ಈ ಕ್ರಮವೂ ಹೊಸಬರನ್ನು ಗೊಂದಲಗೊಳಿಸುವಂಥದು.

ಪ್ರೊ-ಬೆಲ್ ಸಂಸ್ಥೆಯಿಂದ ಬಂದು ಹಲವು ತಯಾರಕರು ಅಳವಡಿಸಿಕೊಂಡ ಎಸ್‌ಡಬ್ಲ್ಯು-ಪಿ-08 ನಿಯಮಾವಳಿಯಲ್ಲಿ ಹೆಸರಿಗೆ 4, 8 ಅಥವಾ 12 ಅಕ್ಷರಗಳ ಮಿತಿಯಿದೆ. ಈ ಮಿತಿಯನ್ನು ರೋಮನ್ ಲಿಪಿಯನ್ನು ಗಮನದಲ್ಲಿಟ್ಟು ಗೊತ್ತುಮಾಡಲಾಗಿದೆ. ‘ಬಳ್ಳಾರಿ’ ಓದುಗರ ಕಣ್ಣಿಗೆ ಮೂರೇ ಅಕ್ಷರ. ಯೂನಿಕೋಡ್‌ನಲ್ಲಿ ಏಳು ಸಂಕೇತ, ಯುಟಿಎಫ್-8ರಲ್ಲಿ 21 ಬೈಟ್. ಹೀಗಾಗಿ ಇಂಥ ಫಲಕಗಳಲ್ಲಿ ಕನ್ನಡದ ಊರುಗಳೂ ರೋಮನ್ ಸಂಕ್ಷೇಪಗಳಾಗಿಯೇ ಕಾಣಿಸಿಕೊಳ್ಳಬೇಕಾಗುತ್ತದೆ. ಇಲ್ಲಿ ಅಪಾಯವೂ ಉಂಟು. ಸಂಗನಕಲ್ಲಿನ ನವಶಿಲಾಯುಗದ ನೆಲೆಯಿಂದ ಬೆಂಗಳೂರಿನ ಕೇಂದ್ರಕ್ಕೆ ನೇರಪ್ರಸಾರದ ಚಿತ್ರ ಬರುತ್ತಿದೆಯೆಂದು ಭಾವಿಸೋಣ. ಬಳ್ಳಾರಿಯ ಸಾಲಿಗೆ ‘ಬಿಎಲ್ಆರ್’ ಎಂದು ಹೆಸರಿಟ್ಟರೆ, ವಿಮಾನ ನಿಲ್ದಾಣದ ಸಂಕೇತದಿಂದಾಗಿ ಅದನ್ನು ಬೆಂಗಳೂರೆಂದೇ ಓದುವವರು ಹೆಚ್ಚು. ರೈಲ್ವೆಯು ಬಳ್ಳಾರಿಗೆ ‘ಬಿಎವೈ’ ಎಂಬ ಸಂಕೇತ ಬಳಸುತ್ತದೆ. ಒಮ್ಮೆ ಆರಿಸಿದ ಸಂಕ್ಷೇಪವನ್ನು ಎಲ್ಲ ಫಲಕಗಳಲ್ಲಿಯೂ ಏಕರೂಪವಾಗಿ ಉಳಿಸಿಕೊಳ್ಳುವುದು ಅವಶ್ಯಕ.

ಸ್ತರ ಮತ್ತು ಬೀಗ

ಚಿತ್ರ, ಧ್ವನಿ, ಟೈಮ್‌ಕೋಡ್‌ಗಳನ್ನು ಪ್ರತ್ಯೇಕ ಸ್ತರಗಳಾಗಿ ನಮೂದಿಸುವುದುಂಟು. ಸಾಮಾನ್ಯವಾಗಿ ಇವು ಒಟ್ಟಿಗೆ ಚಲಿಸುತ್ತವೆ; ಬೇರೆ ಭಾಷೆಯ ಧ್ವನಿಯನ್ನು ಜೋಡಿಸಬೇಕಾದಾಗ ಮಾತ್ರ ಬಿಡಿಸಲಾಗುತ್ತದೆ. ಬಿಡಿಸಿದ್ದನ್ನು ಮತ್ತೆ ಸೇರಿಸದೆ ಹೋದರೆ ಮುಂದಿನ ಕಾರ್ಯಕ್ರಮದ ಚಿತ್ರಕ್ಕೆ ಹಿಂದಿನದರ ಧ್ವನಿ ಉಳಿದುಬಿಡುತ್ತದೆ.

ಪ್ರಸಾರಕ್ಕೆ ಹೋಗುವ ಗುರಿಗೆ ಬೀಗ ಹಾಕುವುದು ರೂಢಿ. ಬೀಗ ಹಾಕಿದ ಫಲಕದ ಹೊರತು ಬೇರೆಡೆಯಿಂದ ಆ ಗುರಿಯನ್ನು ಬದಲಿಸಲಾಗದು. ತುರ್ತಿಗೆಂದು ಬಲವಂತವಾಗಿ ತೆರೆಯುವ ಅವಕಾಶವೂ ಕೆಲವು ವ್ಯವಸ್ಥೆಗಳಲ್ಲಿದೆ. ಅದನ್ನು ಎಲ್ಲ ಫಲಕಗಳಿಗೂ ಕೊಟ್ಟರೆ ಬೀಗದ ಪ್ರಯೋಜನವೇ ಇಲ್ಲ. ಸಂಕಲನ ಕೊಠಡಿಯ ಫಲಕಕ್ಕೆ ಆ ಕೊಠಡಿಯ ಗುರಿಗಳನ್ನಷ್ಟೇ ತೋರಿಸುವುದು ಇನ್ನೂ ಸುರಕ್ಷಿತವಾದ ಕ್ರಮ.

ಐಪಿ ಜಾಲಗಳಲ್ಲಿ

2017ರಲ್ಲಿ ಪ್ರಕಟವಾಗತೊಡಗಿದ ಎಸ್‌ಎಂಪಿಟಿಇ ಎಸ್‌ಟಿ 2110 ಮಾನಕಗಳು ಚಿತ್ರ ಮತ್ತು ಧ್ವನಿಯನ್ನು ಐಪಿ ಜಾಲದ ಮೂಲಕ ಬೇರೆ ಬೇರೆ ಹರಿವುಗಳಾಗಿ ಸಾಗಿಸುತ್ತವೆ. ಇಲ್ಲಿ ಕ್ರಾಸ್‌ಪಾಯಿಂಟ್ ಇರುವುದಿಲ್ಲ. ಯಾವ ಹರಿವನ್ನು ಸ್ವೀಕರಿಸಬೇಕೆಂದು ನಿಯಂತ್ರಣ ವ್ಯವಸ್ಥೆಯು ಗ್ರಾಹಕ ಉಪಕರಣಕ್ಕೆ ತಿಳಿಸುತ್ತದೆ. ಉಪಕರಣಗಳನ್ನು ಗುರುತಿಸಲು ಐಎಸ್-04, ಅವುಗಳನ್ನು ಜೋಡಿಸಲು ಐಎಸ್-05 ಎಂಬ ನಿರ್ದೇಶನಗಳಿವೆ. ಹೆಸರುಗಳ ಪಟ್ಟಿಯ ಕೆಲಸ ಇಲ್ಲಿಯೂ ತಪ್ಪಿದ್ದಲ್ಲ. ಹಳೆಯ ಹರಿವನ್ನು ಬಿಡುವ ಮೊದಲೇ ಹೊಸದನ್ನು ಪಡೆಯುವ ವಿಧಾನದಲ್ಲಿ, ಆ ಕ್ಷಣದ ಮಟ್ಟಿಗೆ, ಎರಡೂ ಹರಿವುಗಳಿಗೆ ಸಾಲುವಷ್ಟು ಸಾಮರ್ಥ್ಯವನ್ನು ಜಾಲದಲ್ಲಿ ಕಾಯ್ದಿರಿಸಬೇಕಾಗುತ್ತದೆ.