ಸಮ್ಮೇಳನಕ್ಕೆ ಬಂದವರಿಗೆ ಕೊಡಗಿನ ಕಲಾದರ್ಶನ: ಏನು, ಎಲ್ಲಿ, ಯಾವಾಗ?

ಮಡಿಕೇರಿ: ಸಮ್ಮೇಳನ, ವಿಚಾರ ಸಂಕಿರಣ, ಕಾರ್ಯಾಗಾರಗಳ ನಿಮಿತ್ತ ಕೊಡಗಿಗೆ ಬರುವವರ ದಿನಚರಿ ಬಹುತೇಕ ಒಂದೇ ತೆರನಾದುದು. ಹಗಲೆಲ್ಲ ಗೋಷ್ಠಿ, ನಡುವೆ ಊಟ, ಸಂಜೆ ನಾಲ್ಕೈದರ ಹೊತ್ತಿಗೆ ಬಿಡುವು. ಆ ಬಿಡುವಿನಲ್ಲಿ ಅಬ್ಬಿ ಜಲಪಾತ ನೋಡಿ, ಜೇನುತುಪ್ಪ, ಕಾಫಿಪುಡಿ ಕೊಂಡು ಬಸ್ಸು ಹತ್ತುವವರೇ ಹೆಚ್ಚು. 'ಇಲ್ಲಿಯ ಕುಣಿತ, ಹಾಡು ಎಲ್ಲಿ ನೋಡಲು ಸಿಗುತ್ತದೆ?' ಎಂದು ಕೇಳಿದವರಿಗೆ ಮಾತ್ರ ನೇರ ಉತ್ತರ ದೊರೆಯುವುದಿಲ್ಲ.

ಕಾರಣ ಸರಳವಾಗಿದೆ. ಪ್ರತಿ ಸಂಜೆ ಟಿಕೆಟ್ ಪಡೆದು ಕಲಾಪ್ರದರ್ಶನ ನೋಡುವ ವ್ಯವಸ್ಥೆ ಈ ಗುಡ್ಡಗಾಡು ಜಿಲ್ಲೆಯಲ್ಲಿ ಬೆಳೆದು ಬಂದಿಲ್ಲ. ಇಲ್ಲಿಯ ಕಲೆ ಕೊಯ್ಲಿಗೆ, ಮದುವೆಗೆ, ಸಾವಿಗೆ, ದೇವರ ಉತ್ಸವಕ್ಕೆ ಅಂಟಿಕೊಂಡೇ ಉಳಿದಿದೆ. ಹಾಗಾಗಿ ಕೊಡಗಿಗೆ ಬರುವ ಪ್ರತಿನಿಧಿಗೆ ರಂಗಮಂದಿರದ ವಿಳಾಸಕ್ಕಿಂತ ಪಂಚಾಂಗವೇ ಹೆಚ್ಚು ಉಪಯುಕ್ತ. ಬಿಡುವು ಎರಡು ಗಂಟೆಯದಾದರೆ ಏನು ನೋಡಬಹುದು, ಅರ್ಧ ದಿನ ಸಿಕ್ಕರೆ ಎಲ್ಲಿಗೆ ಹೋಗಬಹುದು, ಯಾವ ತಿಂಗಳಲ್ಲಿ ಬಂದರೆ ಏನು ಕಾಣಬಹುದು ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ.

ಮೂರು ಸಮ್ಮೇಳನಗಳ ಊರು

ಮಡಿಕೇರಿಗೆ ಸಮ್ಮೇಳನ ಹೊಸತಲ್ಲ. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇಲ್ಲಿ ಮೂರು ಬಾರಿ ನಡೆದಿದೆ. 1932ರಲ್ಲಿ ಡಿ.ವಿ. ಗುಂಡಪ್ಪನವರು ಅಧ್ಯಕ್ಷರಾಗಿದ್ದರು. ಆಗ ಕೊಡಗು ಬ್ರಿಟಿಷರ ಅಧೀನದ ಪ್ರತ್ಯೇಕ ಪ್ರಾಂತ್ಯವಾಗಿತ್ತು. ಮೈಸೂರು ರಾಜ್ಯದೊಂದಿಗೆ ಅದು ವಿಲೀನಗೊಂಡಿದ್ದು 1956ರಲ್ಲಿ. 1981ರಲ್ಲಿ ಶಂ.ಬಾ. ಜೋಶಿಯವರ ಅಧ್ಯಕ್ಷತೆಯಲ್ಲಿ ಎರಡನೆಯ ಬಾರಿ ಹಾಗೂ 2014ರ ಜನವರಿ 7ರಿಂದ 9ರವರೆಗೆ ನಾ. ಡಿಸೋಜ ಅವರ ಅಧ್ಯಕ್ಷತೆಯಲ್ಲಿ 80ನೇ ಸಮ್ಮೇಳನ ಇಲ್ಲಿ ಜರುಗಿತು.

ಇಂಥ ದೊಡ್ಡ ಸಮ್ಮೇಳನಗಳಲ್ಲದೆ ವೈದ್ಯರು, ಬೆಳೆಗಾರರು, ಅಧ್ಯಾಪಕರು, ಕಂಪೆನಿಗಳ ನೌಕರರು ಸೇರುವ ಸಭೆಗಳೂ ಜಿಲ್ಲೆಯ ಹೋಟೆಲ್, ರೆಸಾರ್ಟ್‌ಗಳಲ್ಲಿ ವರ್ಷವಿಡೀ ನಡೆಯುತ್ತಿರುತ್ತವೆ.

ಎರಡು ಗಂಟೆ ಬಿಡುವಿದ್ದರೆ

ಮಡಿಕೇರಿ ಪಟ್ಟಣದೊಳಗೇ ನೋಡಬಹುದಾದ ನಾಲ್ಕು ತಾಣಗಳಿವೆ. ಇವು ಒಂದಕ್ಕೊಂದು ಹತ್ತಿರದಲ್ಲಿವೆ. ಏರುತಗ್ಗಿನ ರಸ್ತೆ ಒಗ್ಗದವರಿಗೆ ಆಟೋರಿಕ್ಷಾ ಅನುಕೂಲ.

ಕೋಟೆ: ಹಾಲೇರಿ ವಂಶದ ಮುದ್ದುರಾಜ 17ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಸುಲ್ತಾನ್ ಕಲ್ಲಿನಲ್ಲಿ ಪುನರ್ನಿರ್ಮಿಸಿ ಜಾಫರಾಬಾದ್ ಎಂದು ಹೆಸರಿಟ್ಟಿದ್ದ. ಒಳಗಿನ ಅರಮನೆ ಈಗಿನ ರೂಪ ಪಡೆದದ್ದು ಲಿಂಗರಾಜೇಂದ್ರನ ಕಾಲದಲ್ಲಿ, 1812ರಿಂದ 1814ರ ನಡುವೆ. ಆವರಣದಲ್ಲಿರುವ ಗಾರೆಯ ಎರಡು ಆನೆಗಳು ಎಲ್ಲರ ಕಣ್ಸೆಳೆಯುತ್ತವೆ. ಬ್ರಿಟಿಷರು ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚ್ ಇಂದು ಸರ್ಕಾರಿ ವಸ್ತುಸಂಗ್ರಹಾಲಯ. ವೀರಗಲ್ಲು, ಶಿಲ್ಪ, ಆಯುಧಗಳನ್ನು ಇಲ್ಲಿ ಕಾಣಬಹುದು. ಸರ್ಕಾರಿ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ ಇರುವುದರಿಂದ ಮೊದಲೇ ವಿಚಾರಿಸುವುದು ಒಳಿತು. 1837ರ ರೈತ ಬಂಡಾಯದ ನಾಯಕರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಬ್ರಿಟಿಷರು ಗಲ್ಲಿಗೇರಿಸಿದ್ದೂ ಇದೇ ಕೋಟೆಯಲ್ಲಿ.

ಓಂಕಾರೇಶ್ವರ ದೇವಾಲಯ: 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಗುಡಿ. ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರುಗಳನ್ನು ಹೋಲುವ ಗೋಪುರ, ಎದುರಿಗೆ ಕೊಳ. ಶಿವನ ಗುಡಿಗೆ ಇಸ್ಲಾಮಿ ಶೈಲಿಯ ಗುಮ್ಮಟ ಕೂಡಿಬಂದ ಬಗೆ ವಾಸ್ತುಶಿಲ್ಪದಲ್ಲಿ ಆಸಕ್ತಿಯುಳ್ಳವರು ಗಮನಿಸಬೇಕಾದ ಅಂಶ.

ಗದ್ದುಗೆ: ದೊಡ್ಡ ವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮ, ಲಿಂಗರಾಜೇಂದ್ರ, ರಾಜಗುರು ರುದ್ರಪ್ಪ ಇವರ ಸಮಾಧಿಗಳಿರುವ ಸ್ಥಳ. ಸಮೀಪದಲ್ಲೇ ರಾಜರಿಗಾಗಿ ಹೋರಾಡಿದ ಬಿದ್ದಂಡ ಬೋಪು ಅವರ ಸಮಾಧಿಯೂ ಇದೆ. ಪ್ರವಾಸಿಗರ ದಟ್ಟಣೆ ಇಲ್ಲಿ ಕಡಿಮೆ.

ರಾಜಾಸೀಟು: ಅರಸರು ಸೂರ್ಯಾಸ್ತ ವೀಕ್ಷಿಸುತ್ತಿದ್ದರೆಂದು ಪ್ರತೀತಿಯಿರುವ ಉದ್ಯಾನ. ಸಂಗೀತ ಕಾರಂಜಿಯ ವೇಳೆಯನ್ನು ಪ್ರವೇಶದ್ವಾರದಲ್ಲೇ ಕೇಳಿಕೊಳ್ಳಬೇಕು. ವರ್ಷದ ಆರಂಭದ ತಿಂಗಳುಗಳಲ್ಲಿ ತೋಟಗಾರಿಕೆ ಇಲಾಖೆ ಇಲ್ಲಿ ಫಲಪುಷ್ಪ ಪ್ರದರ್ಶನ ಏರ್ಪಡಿಸುತ್ತದೆ.

ಮೈಸೂರು ಕಡೆಯಿಂದ ಬರುವವರು ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಮನೆ 'ಸನ್ನಿಸೈಡ್' ಅನ್ನೂ ಸೇರಿಸಿಕೊಳ್ಳಬಹುದು. ಸ್ಮಾರಕ ಸಂಗ್ರಹಾಲಯವಾಗಿ ಪರಿವರ್ತನೆಗೊಂಡ ಈ ಮನೆಯನ್ನು 2021ರ ಫೆಬ್ರುವರಿ 6ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು.

ಸಾಹಿತ್ಯಾಸಕ್ತರಿಗೆ, ಸಿನಿಮಾಪ್ರಿಯರಿಗೆ

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ಚಿಕವೀರ ರಾಜೇಂದ್ರ' ಕಾದಂಬರಿ ಓದಿದವರಿಗೆ ಮಡಿಕೇರಿಯ ಅರಮನೆ ಬೇರೆಯೇ ಆಗಿ ಕಾಣುತ್ತದೆ. 1834ರಲ್ಲಿ ಕೊಡಗಿನ ಕೊನೆಯ ಅರಸ ಪದಚ್ಯುತನಾದ ಕಥೆಯನ್ನು ಹೇಳುವ ಈ ಕೃತಿ ಪ್ರಕಟವಾದದ್ದು 1956ರಲ್ಲಿ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿಯನ್ನು ತಂದುಕೊಟ್ಟ ಕೃತಿಯೂ ಇದೇ.

ಆ ಅರಸನ ಮಗಳು ಗೌರಮ್ಮ ಬೇರೆ, ಕಥೆಗಾರ್ತಿ ಕೊಡಗಿನ ಗೌರಮ್ಮ ಬೇರೆ ಎಂಬುದನ್ನು ಹೊರಗಿನವರು ನೆನಪಿಡಬೇಕು. ರಾಜಕುಮಾರಿ ಗೌರಮ್ಮ ತಂದೆಯೊಂದಿಗೆ ಇಂಗ್ಲೆಂಡಿಗೆ ಹೋಗಿ, ವಿಕ್ಟೋರಿಯಾ ರಾಣಿಯ ಆಶ್ರಯದಲ್ಲಿ ಬೆಳೆದವಳು. ಕಥೆಗಾರ್ತಿ ಗೌರಮ್ಮ 1912ರಲ್ಲಿ ಜನಿಸಿ, 1939ರಲ್ಲಿ ನೀರಿನಲ್ಲಿ ಮುಳುಗಿ ಅಕಾಲ ಮರಣಕ್ಕೀಡಾದರು. 'ಕಂಬನಿ', 'ಚಿಗುರು' ಅವರ ಕಥಾಸಂಕಲನಗಳು. 'ಎಡಕಲ್ಲು ಗುಡ್ಡದ ಮೇಲೆ' ಬರೆದ ಭಾರತೀಸುತರೂ ಕೊಡಗಿನವರೇ. ಅದನ್ನು ಪುಟ್ಟಣ್ಣ ಕಣಗಾಲ್ 1973ರಲ್ಲಿ ತೆರೆಗೆ ತಂದರು.

'ಮುಂಗಾರು ಮಳೆ' (2006) ಮತ್ತು 'ಗಾಳಿಪಟ' (2008) ಚಿತ್ರಗಳ ನಂತರ ಕೊಡಗಿನ ಮಳೆ, ಮಂಜು ನೋಡಲೆಂದೇ ಬರುವವರ ಸಂಖ್ಯೆ ಹೆಚ್ಚಿತು. 'ಗಾಳಿಪಟ'ದ ಮುಗಿಲುಪೇಟೆಯಾಗಿ ಕಾಣಿಸಿಕೊಂಡ ಮಾಂದಲಪಟ್ಟಿ ಇಂದು ಜೀಪುಗಳ ಸಾಲಿನಿಂದ ತುಂಬಿರುತ್ತದೆ. ಕೊಡವ ಭಾಷೆಯ ಮೊದಲ ಚಲನಚಿತ್ರ 'ನಾಡ ಮಣ್ಣ್ ನಾಡ ಕೂಳ್' 1972ರಷ್ಟು ಹಿಂದಿನದು ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿದಿಲ್ಲ.

ಅರ್ಧ ದಿನ ಸಿಕ್ಕರೆ

ಮಡಿಕೇರಿಯಿಂದ ಸುಮಾರು 35 ಕಿ.ಮೀ. ದೂರದ ಕಕ್ಕಬ್ಬೆ ಬಳಿಯ ಯವಕಪಾಡಿಯಲ್ಲಿ, ತಡಿಯಂಡಮೋಳ್ ಬೆಟ್ಟದ ತಪ್ಪಲಲ್ಲಿ, ನಾಲ್ಕುನಾಡು ಅರಮನೆ ಇದೆ. ದೊಡ್ಡ ವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ಎರಡಂತಸ್ತಿನ ಈ ಅರಮನೆಯ ಮರದ ಕೆತ್ತನೆ ಮತ್ತು ಭಿತ್ತಿಚಿತ್ರಗಳು ನೋಡತಕ್ಕವು. ಹೊರಗಿನ ಪುಟ್ಟ ಮಂಟಪ ಅರಸನ ಮದುವೆಯದೆಂದು ಹೇಳಲಾಗುತ್ತದೆ.

ಇನ್ನೊಂದು ದಿಕ್ಕಿನಲ್ಲಿ, ಕುಶಾಲನಗರ ದಾಟಿದರೆ ಮೈಸೂರು ಜಿಲ್ಲೆಗೆ ಸೇರಿದ ಬೈಲಕುಪ್ಪೆ. 1963ರಲ್ಲಿ ಸ್ಥಾಪನೆಯಾದ ನಾಮ್‌ಡ್ರೋಲಿಂಗ್ ಮಠದ ಸ್ವರ್ಣಮಂದಿರ ಮಡಿಕೇರಿಯಿಂದ ಸುಮಾರು 35 ಕಿ.ಮೀ. ಟಿಬೆಟನ್ನರ ಹೊಸ ವರ್ಷ 'ಲೋಸಾರ್' ಹತ್ತಿರವಾಗುವ ಫೆಬ್ರುವರಿ-ಮಾರ್ಚ್‌ನಲ್ಲಿ ಭಿಕ್ಷುಗಳ ಮುಖವಾಡ ನೃತ್ಯ ನಡೆಯುತ್ತದೆ. ಹತ್ತಿರದಲ್ಲಿ ಸಮ್ಮೇಳನವಿದ್ದರೆ ಇದನ್ನು ತಪ್ಪಿಸಿಕೊಳ್ಳಬಾರದು.

ಯಾವ ತಿಂಗಳಲ್ಲಿ ಏನು?

ಏಪ್ರಿಲ್-ಮೇ: ಕೊಡವ ಕೌಟುಂಬಿಕ ಹಾಕಿ ಹಬ್ಬದ ಕಾಲ. 1997ರಲ್ಲಿ ಕರಡದಲ್ಲಿ ಆರಂಭವಾದ ಈ ಪಂದ್ಯಾವಳಿಯಲ್ಲಿ ತಂಡವೆಂದರೆ ಒಂದು ಒಕ್ಕ, ಅಂದರೆ ಒಂದೇ ಮನೆತನ. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವುದುಂಟು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಕಣಕ್ಕಿಳಿದು ಗಿನ್ನೆಸ್ ದಾಖಲೆಗೆ ಸೇರಿದವು. ಆತಿಥ್ಯ ವಹಿಸುವ ಕುಟುಂಬ ಪ್ರತಿ ಬಾರಿ ಬದಲಾಗುತ್ತದೆ. ಮೇ ತಿಂಗಳಲ್ಲೇ ದೇವರಪುರದ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬ, ಯರವ ಮೊದಲಾದ ಸಮುದಾಯದವರು ವೇಷ ತೊಟ್ಟು, ಬೈಗುಳದ ಹಾಡು ಹಾಡುತ್ತ ಬರುವ ಹಬ್ಬವಿದು. ವರ್ಷವಿಡೀ ತೋಟಗಳಲ್ಲಿ ದುಡಿಯುವವರು ದೇವರನ್ನೂ ಬಿಡದೆ ಬೈಯುವ ಒಂದು ದಿನ. ನಗುವಷ್ಟೇ ನೋವೂ ಅದರಲ್ಲಿದೆ.

ಜೂನ್-ಆಗಸ್ಟ್: ಮಳೆಗಾಲ. ಹೊರಾಂಗಣ ಕಲಾಪ್ರದರ್ಶನ ವಿರಳ. ಆಗಸ್ಟ್ 3ರಂದು ಬರುವ 'ಕಕ್ಕಡ 18'ರಲ್ಲಿ ಮದ್ದುಸೊಪ್ಪಿನ ಪಾಯಸ ಸವಿಯಬಹುದು. 2018ರ ಆಗಸ್ಟ್‌ನಲ್ಲಿ ಸಂಭವಿಸಿದ ಭೂಕುಸಿತಗಳನ್ನು ನೆನೆದು, ಈ ಅವಧಿಯಲ್ಲಿ ರಾತ್ರಿ ಪ್ರಯಾಣ ಕೈಬಿಡುವುದು ಕ್ಷೇಮ.

ಸೆಪ್ಟೆಂಬರ್-ಅಕ್ಟೋಬರ್: ಸೆಪ್ಟೆಂಬರ್ ಮೊದಲ ವಾರ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್. ನವರಾತ್ರಿಯಲ್ಲಿ ಮಡಿಕೇರಿ ದಸರಾ. ಪಂಪಿನಕೆರೆಯಿಂದ ಹೊರಡುವ ನಾಲ್ಕು ಶಕ್ತಿದೇವತೆಗಳ ಕರಗಗಳೊಂದಿಗೆ ಉತ್ಸವ ಆರಂಭವಾಗುತ್ತದೆ. ಗಾಂಧಿ ಮೈದಾನದ ವೇದಿಕೆಯಲ್ಲಿ ಸಾಂಸ್ಕೃತಿಕ ಕಾರ್ಯಕ್ರಮಗಳಿರುತ್ತವೆ. ವಿಜಯದಶಮಿಯ ಇರುಳು ಹತ್ತು ದೇವಾಲಯಗಳ ಮಂಟಪಗಳು ಚಲಿಸುವ ಮೂರ್ತಿ, ಬೆಳಕು, ಧ್ವನಿಗಳಿಂದ ಪುರಾಣ ಕಥೆಗಳನ್ನು ಬೆಳಗಿನವರೆಗೆ ಬೀದಿಯಲ್ಲಿ ಪ್ರದರ್ಶಿಸುತ್ತವೆ. ಅಂದು ವಸತಿಗೃಹ ಸಿಗುವುದು ದುರ್ಲಭ. ಅಕ್ಟೋಬರ್ ಮಧ್ಯಭಾಗದಲ್ಲಿ ತಲಕಾವೇರಿಯ ತೀರ್ಥೋದ್ಭವ.

ನವೆಂಬರ್-ಡಿಸೆಂಬರ್: ಸುಗ್ಗಿಯ ಹಬ್ಬ ಹುತ್ತರಿ. ಕದಿರು ಕೊಯ್ಯುವ ಮುಹೂರ್ತ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿರ್ಧಾರವಾಗುತ್ತದೆ. ಆನಂತರದ ದಿನಗಳಲ್ಲಿ ಊರಿನ ಬಯಲುಗಳಾದ 'ಮಂದ್'ಗಳಲ್ಲಿ ಕೋಲಾಟ ನಡೆಯುತ್ತದೆ. ಮಡಿಕೇರಿ ಕೋಟೆಯ ಆವರಣದಲ್ಲೂ ಹುತ್ತರಿ ಕೋಲಾಟ ನಡೆಯುವುದರಿಂದ ಪಟ್ಟಣದಲ್ಲಿ ತಂಗಿದವರಿಗೆ ಇದೊಂದು ಸುಲಭ ಅವಕಾಶ.

ಕುಣಿತಗಳ ಗುರುತು

ನೋಡುತ್ತಿರುವುದು ಏನೆಂದು ತಿಳಿದಿದ್ದರೆ ನೋಡುವ ಸುಖ ಹೆಚ್ಚು. ದೀಪದ ಸುತ್ತ ಪುರುಷರು ಚವರಿ ಬೀಸುತ್ತ ಕುಣಿಯುವುದು ಬೊಳಕಾಟ್. ಕೈಯಲ್ಲಿ ಕತ್ತಿ ಇದ್ದರೆ ಕತ್ತಿಯಾಟ್. ಮಹಿಳೆಯರು ತಾಳ ಹಿಡಿದು ವೃತ್ತಾಕಾರದಲ್ಲಿ ಕುಣಿಯುವುದು ಉಮ್ಮತ್ತಾಟ್. ನಡುವೆ ನೀರಿನ ಕಿಂಡಿ ಹಿಡಿದು ನಿಂತವಳು ಕಾವೇರಿ. ಬೆತ್ತ, ಗುರಾಣಿ ಹಿಡಿದ ಇಬ್ಬರು ಮೊಣಕಾಲಿನ ಕೆಳಗೆ ಮಾತ್ರ ಹೊಡೆಯುವುದು ಪರೆಯಕಳಿ.

ಇವೆಲ್ಲಕ್ಕೂ ಜೀವಾಳ ದುಡಿ. ನಡು ಸಣ್ಣಗಿರುವ ಈ ಪುಟ್ಟ ಚರ್ಮವಾದ್ಯ ಬಾರಿಸುತ್ತ ನಾಲ್ವರು ಹಾಡುವ ಹಾಡುಗಳಲ್ಲಿ ಹುಟ್ಟು, ಮದುವೆ, ಸಾವು, ವೀರರ ಕಥೆ ಎಲ್ಲವೂ ಅಡಕವಾಗಿವೆ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನು ಕಲೆಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ' ಎಂಬ ಗ್ರಂಥವಾಗಿ ಕನ್ನಡ ಲಿಪಿಯಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲೇ, 1906ರಲ್ಲಿ, ಹರದಾಸ ಅಪ್ಪಚ್ಚಕವಿ ಕೊಡವ ಭಾಷೆಯಲ್ಲಿ ಯಯಾತಿ ನಾಟಕ ರಚಿಸಿದ್ದರು. ಮದುವೆ, ಹಬ್ಬಗಳಿಗೆ ವಾಲಗ ನುಡಿಸುವವರು ಹೆಚ್ಚಾಗಿ ಮೇದ, ಕೆಂಬಟ್ಟಿ ಮೊದಲಾದ ಸಮುದಾಯದವರು. ಕೊಡಗಿನ ಕಲೆ ಒಂದೇ ಜನಾಂಗದ ಆಸ್ತಿಯಲ್ಲ.

ಇಪ್ಪತ್ತು ನಿಮಿಷದ ಪ್ರದರ್ಶನ ಸಾಕೇ?

ಸಮ್ಮೇಳನದ ಸಂಘಟಕರು ಸಾಮಾನ್ಯವಾಗಿ ಮಾಡುವುದೆಂದರೆ ತಂಡವೊಂದನ್ನು ಕರೆಸಿ, ರಾತ್ರಿ ಊಟಕ್ಕೆ ಮುನ್ನ ಇಪ್ಪತ್ತು ನಿಮಿಷ ಕುಣಿಸುವುದು. ಹಾಡು ಏನು ಹೇಳುತ್ತಿದೆ ಎಂದು ಯಾರೂ ತಿಳಿಸುವುದಿಲ್ಲ. ತಟ್ಟೆ ಹಿಡಿದ ಅತಿಥಿಗಳು ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ. ಅಲ್ಲಿಗೆ 'ಕೊಡಗಿನ ಸಂಸ್ಕೃತಿ' ಮುಗಿಯುತ್ತದೆ.

ಇದು ಕೇವಲ ಅಭಿರುಚಿಯ ಪ್ರಶ್ನೆಯಲ್ಲ. ಕೊಡವ ಭಾಷೆಯನ್ನು ಯುನೆಸ್ಕೊ ಅಳಿವಿನಂಚಿನ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ. ಜನಗಣತಿಯಲ್ಲಿ ಈ ಭಾಷೆಯನ್ನು ಮಾತೃಭಾಷೆಯೆಂದು ದಾಖಲಿಸಿದವರು 2001ರಲ್ಲಿ 1,66,187 ಮಂದಿ ಇದ್ದರೆ, 2011ರಲ್ಲಿ 1,13,857 ಮಂದಿ ಮಾತ್ರ. ಕುಣಿತದ ಹೆಜ್ಜೆಯನ್ನು ಯಾರಾದರೂ ಅಭ್ಯಾಸದಿಂದ ಕಲಿಯಬಹುದು. ಸಂದರ್ಭಕ್ಕೆ ತಕ್ಕಂತೆ ಅಲ್ಲೇ ಪದ ಕಟ್ಟಿ ಹಾಡುವವರು ಬೇಕಾದರೆ ಮನೆಯಲ್ಲಿ ಆ ಭಾಷೆ ಆಡುವವರಿರಬೇಕು. ಹಾಡನ್ನು ಹಿನ್ನೆಲೆ ಸದ್ದಾಗಿಸಿದರೆ ಮೊದಲು ಮರೆಯಾಗುವುದು ಪದಗಳೇ.

ಪರಿಹಾರ ದುಬಾರಿಯಾದುದೇನಲ್ಲ. ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿ (ಸ್ಥಾಪನೆ 1994) ಹಾಗೂ ಕರ್ನಾಟಕ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ ಎರಡರ ಕಚೇರಿಯೂ ಮಡಿಕೇರಿಯಲ್ಲಿದೆ. ತಂಡಗಳ ಬಗ್ಗೆ ಅಲ್ಲಿ ವಿಚಾರಿಸಬಹುದು. ಊಟದ ಹೊತ್ತಿನ ಬದಲು ಗೋಷ್ಠಿಯೊಂದರ ವೇಳೆಯನ್ನೇ ದುಡಿ ಹಾಡಿಗೆ ಮೀಸಲಿಟ್ಟು, ಪ್ರತಿ ಹಾಡಿಗೂ ಕನ್ನಡದಲ್ಲಿ ನಾಲ್ಕು ಮಾತಿನ ವಿವರಣೆ ಕೊಡಿಸಬಹುದು. ಆಹ್ವಾನ ಪತ್ರಿಕೆಯಲ್ಲಿ ಅತಿಥಿಗಳ ಹೆಸರಿನೊಡನೆ ಕಲಾವಿದರ ಹೆಸರೂ ಇರಲಿ. ಸಂಭಾವನೆ ಅಂದೇ ಸಂದಾಯವಾಗಲಿ.

ಅತಿಥಿಗಳ ಗಮನಕ್ಕೆ

* ಜಿಲ್ಲೆಯಲ್ಲಿ ರೈಲು ಮಾರ್ಗವಿಲ್ಲ. ಮೈಸೂರು ಸುಮಾರು 120 ಕಿ.ಮೀ. ದೂರದಲ್ಲಿದೆ. ಹಳ್ಳಿಗಳಿಂದ ರಾತ್ರಿ ಮರಳಲು ಬಸ್ಸುಗಳು ಕಡಿಮೆ. ವಾಹನ ಮೊದಲೇ ಗೊತ್ತು ಮಾಡಿಕೊಳ್ಳಬೇಕು.

* ಘಾಟಿ ರಸ್ತೆಯಲ್ಲಿ 35 ಕಿ.ಮೀ. ದಾರಿಗೆ ಒಂದು ಗಂಟೆಗಿಂತ ಹೆಚ್ಚು ಸಮಯ ಇಟ್ಟುಕೊಳ್ಳಿ.

* ಮಂದ್ ಊರಿನವರಿಗೆ ಪವಿತ್ರ ಸ್ಥಳ. ಪಾದರಕ್ಷೆ, ಛಾಯಾಚಿತ್ರದ ಬಗ್ಗೆ ಅಲ್ಲಿಯ ಹಿರಿಯರನ್ನು ಕೇಳಿಯೇ ಮುಂದುವರಿಯಿರಿ.

* ಕುಪ್ಯಚೇಲೆ, ಪೀಚೆಕತ್ತಿ ಶುಭಸಂದರ್ಭದ ಉಡುಗೆ. ಮೋಜಿಗಾಗಿ ತೊಟ್ಟು ತಿರುಗುವುದು ಸ್ಥಳೀಯರಿಗೆ ನೋವುಂಟು ಮಾಡುತ್ತದೆ.

* ಹಬ್ಬದ ತಿಥಿ ನಾಡಿನಿಂದ ನಾಡಿಗೆ ಬದಲಾಗುತ್ತದೆ. ಹೊರಡುವ ಮುನ್ನ ಸ್ಥಳೀಯ ದಿನಪತ್ರಿಕೆ ನೋಡುವುದು ಅಥವಾ 103.1ರ ಮಡಿಕೇರಿ ಆಕಾಶವಾಣಿ ಕೇಳುವುದು ಒಳಿತು. ಕೊಡವ ಭಾಷೆಯ ಕಾರ್ಯಕ್ರಮಗಳನ್ನೂ ಬಿತ್ತರಿಸುವ ಈ ಕೇಂದ್ರದ ಪ್ರಸಾರವನ್ನು ವಸತಿಗೃಹದ ಕೋಣೆಯಲ್ಲೇ ಕುಳಿತು ಆಲಿಸಬಹುದು.